ಎಳನೀರಿನ ತಟ್ಟು, ಲಿವರಿನ ಗುಟ್ಟು

ಮಂಡ್ಯ ಜಿಲ್ಲೆಯ ಹೊಳಲಿನ ರಸ್ತೆ ಬದಿಯಲ್ಲಿ ಎಳನೀರು ಕೇಳಿ ನೋಡಿ. "ನೀರಿರೋದಾ, ಗಂಜಿ ಇರೋದಾ?" ಎನ್ನುತ್ತಲೇ ಮಾರುವವರು ಮಚ್ಚಿನ ಹಿಂಬದಿಯಿಂದ ಕಾಯಿಗೆ ಎರಡೇಟು ತಟ್ಟುತ್ತಾರೆ. ಕೊಚ್ಚುವ ಮೊದಲೇ ಒಳಗೇನಿದೆಯೆಂದು ಅವರ ಕಿವಿಗೆ ಗೊತ್ತು. ಮದ್ದೂರಿನ ಎಳನೀರು ಮಾರುಕಟ್ಟೆ ಇರುವ ಜಿಲ್ಲೆಯಲ್ಲಿ ಈ ವಿದ್ಯೆಯನ್ನು ವಿವರಿಸಬೇಕಿಲ್ಲ.

ಮಕ್ಕಳ ಲಿವರ್ ನೋಡುವ ಫೈಬ್ರೋಸ್ಕ್ಯಾನ್ ಯಂತ್ರದ್ದೂ ಇದೇ ವಿದ್ಯೆ. ಲಿವರಿಗೆ ಪದೇ ಪದೇ ಪೆಟ್ಟು ಬಿದ್ದರೆ ಮಾಗಿದ ಗಾಯದ ಕಲೆಯಂತೆ ಒಳಗೆ ನಾರು ಕಟ್ಟುತ್ತದೆ; ಮೆತ್ತಗಿದ್ದದ್ದು ಗಡುಸಾಗುತ್ತಾ ಕೊನೆಗೆ ಸಿರೋಸಿಸ್ ಆಗುತ್ತದೆ. ಹೆಂಡ ಮುಟ್ಟದ ಮಕ್ಕಳಿಗೆ ಇದು ಎಲ್ಲಿಂದ ಬಂತು? ಹುಟ್ಟಿನಲ್ಲೇ ಪಿತ್ತನಾಳ ಮುಚ್ಚಿರಬಹುದು, ಮೈಯಲ್ಲಿ ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆ ಇರಬಹುದು, ಈಗೀಗ ಬೊಜ್ಜಿನಿಂದ ಬರುವ ಫ್ಯಾಟಿ ಲಿವರ್ ಕೂಡ. ಹಿಂದೆ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ, ತಾಮ್ರ ಬೆರೆತ ಹಾಲು ಕುಡಿದೇ ಎಷ್ಟೋ ಕೂಸುಗಳ ಲಿವರ್ ಕೆಟ್ಟಿತ್ತು. ಅಡುಗೆಮನೆಗೆ ಸ್ಟೀಲು ಬಂತು, ಆ ರೋಗ ಹೆಚ್ಚುಕಡಿಮೆ ಮಾಯವಾಯಿತು.

ನಾರು ಎಷ್ಟು ಕಟ್ಟಿದೆಯೆಂದು ತಿಳಿಯಲು ಸೂಜಿ ಚುಚ್ಚಿ ಚೂರು ತೆಗೆಯುವ ಬಯಾಪ್ಸಿಯಲ್ಲಿ ಸಿಗುವುದು ಲಿವರಿನ ಸುಮಾರು 50,000ದಲ್ಲೊಂದು ಪಾಲು. ಮಗುವಾದರೆ ಮಂಪರು ಬರಿಸಬೇಕು, ರಕ್ತಸ್ರಾವದ ಭಯ ಬೇರೆ. ಫ್ರಾನ್ಸಿನ ಎಕೋಸೆನ್ಸ್ ಕಂಪನಿ 2003ರಲ್ಲಿ ತಂದ ಈ ಯಂತ್ರಕ್ಕೆ ಸೂಜಿಯೇ ಬೇಡ. ಮಗು ಅಂಗಾತ ಮಲಗಿ ಬಲಗೈಯನ್ನು ತಲೆಯ ಹಿಂದಿಡುತ್ತದೆ. ಪಕ್ಕೆಲುಬಿನ ಸಂದಿಗೆ ಜೆಲ್ ಹಚ್ಚಿ ಪ್ರೋಬ್ ಒತ್ತಿದರೆ ಟಕ್ ಎಂದು ಬೆರಳಲ್ಲಿ ಚಿಮ್ಮಿದಂಥ ಏಟು. ಆ ಅದುರು ಅಲೆಯಾಗಿ ಒಳಗೆ ಸಾಗುವಾಗ ಅಲ್ಟ್ರಾಸೌಂಡ್ ಬೆನ್ನುಹತ್ತಿ ಅದರ ವೇಗ ಅಳೆಯುತ್ತದೆ. ಮೆತ್ತಗಿನ ಲಿವರಿನಲ್ಲಿ ಅಲೆಯದು ಸೆಕೆಂಡಿಗೆ ಸುಮಾರು 1.3 ಮೀಟರ್, ಬದುವಿನ ಮೇಲೆ ನಡೆದು ಹೋಗುವವರ ವೇಗ. ಗಡುಸಾದದ್ದರಲ್ಲಿ 2 ದಾಟುತ್ತದೆ. ಗಡಸುತನದ ಲೆಕ್ಕ ಸುಲಭ: ವೇಗದ ವರ್ಗವನ್ನು ಮೂರರಿಂದ ಗುಣಿಸಿ. ಮೊದಲಿನದು 5 ಕಿಲೋಪಾಸ್ಕಲ್, ಎರಡನೆಯದು 12.

ಇಂಥ 10 ಏಟುಗಳಲ್ಲಿ ನಡುವಿನ ಅಂಕಿಯೇ ಫಲಿತಾಂಶ. ಕೂಸು ಅತ್ತು ಕೊಸರಾಡಿದರೆ ಅಂಕಿಗಳು ದಿಕ್ಕಾಪಾಲು. ಎದೆಯ ಸುತ್ತಳತೆ 45 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಎಲ್ಲಕ್ಕಿಂತ ಸಣ್ಣ ಪ್ರೋಬ್ ಬೇಕು. ಊಟ ಮಾಡಿ ಹೋದರೂ ಅಂಕಿ ಏರುತ್ತದೆ, ಉರಿಯೂತವಿದ್ದರೂ ಏರುತ್ತದೆ, ಪಿತ್ತ ಕಟ್ಟಿಕೊಂಡಿದ್ದರೂ ಏರುತ್ತದೆ. ಹಾಗಾಗಿ ಚೀಟಿಯಲ್ಲಿನ ಅಂಕಿಯೊಂದನ್ನೇ ನೋಡಿ ಎದೆ ಒಡೆದುಕೊಳ್ಳುವುದು ದಡ್ಡತನ. ಬಯಾಪ್ಸಿಗೆ ಇನ್ನೂ ಪೂರ್ತಿ ರಜೆ ಸಿಕ್ಕಿಲ್ಲ.

ಯಂತ್ರವೇ ಬೇಡದ ಪರೀಕ್ಷೆಯೂ ಒಂದಿದೆ, ಅದು ಬಾಣಂತಿಯ ಕೋಣೆಯಲ್ಲೇ ಆಗುವಂಥದ್ದು. ಎರಡು ವಾರ ಕಳೆದರೂ ಕೂಸಿನ ಕಣ್ಣಿನ ಹಳದಿ ಇಳಿಯದೆ, ಕಕ್ಕ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಪಿತ್ತನಾಳ ಮುಚ್ಚಿರಬಹುದು. ಅದಕ್ಕಿರುವುದು ಕಸಾಯಿ ಆಪರೇಷನ್. (ಹೆಸರು ಕೇಳಿ ಬೆಚ್ಚಬೇಡಿ, ಮೊರಿಯೊ ಕಸಾಯಿ ಜಪಾನಿನ ಸರ್ಜನ್.) 60 ದಿನದೊಳಗೆ ಆದರೆ ಫಲ ಹೆಚ್ಚು. ಬಿಸಿಲು ಕಾಯಿಸುತ್ತಾ, ನಾಟಿ ಮದ್ದು ಅರೆಯುತ್ತಾ ಕೂರದೆ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಹತ್ತಿರದ ಮಕ್ಕಳ ಡಾಕ್ಟರ ಬಳಿಗೋ ಅವತ್ತೇ ಕರೆದೊಯ್ಯಿರಿ.