ಕಟಿಂಗ್ ಅಂಗಡಿಯ ‘ಲಟಕ್’: ಕುತ್ತಿಗೆಯೊಳಗೆ ಏನೇನಿದೆ ಗೊತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಶುರು ಮಾಡೋ ಮುಂಚೆ ಒಂದು ಪ್ರಶ್ನೆ. ಕಟಿಂಗ್ ಮುಗಿದ ಮೇಲೆ ತಲೆಗೆ ಎಣ್ಣೆ ಹಾಕಿ, ನಾಲ್ಕು ಏಟು ತಟ್ಟಿ, ಕೊನೆಗೆ ಗದ್ದಕ್ಕೊಂದು ಕೈ, ತಲೆ ಹಿಂದೆ ಒಂದು ಕೈ ಇಟ್ಟು ಕುತ್ತಿಗೆಯನ್ನು ‘ಲಟಕ್’ ಅನ್ನಿಸ್ತಾರಲ್ಲ, ಅದನ್ನು ನೀವು ಮಾಡಿಸಿಕೊಂಡಿದ್ದೀರಾ? ನಾನಂತೂ ಹೈಸ್ಕೂಲಿನಿಂದ ಮಾಡಿಸಿಕೊಂಡಿದ್ದೇನೆ. ಕಟಿಂಗಿಗಿಂತ ಅದೇ ಇಷ್ಟ ಅನ್ನೋ ಗೆಳೆಯರೂ ನನಗಿದ್ದಾರೆ.

ನಮ್ಮೂರು ಐನಾಪುರ, ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕು. ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಂದಿನಿಂದ ನನಗೆ ಕಟಿಂಗ್ ಮಾಡಿದ ಕಾಕಾನ ಅಂಗಡಿಗೇ ಹೋದೆ. ಎಲ್ಲ ಮುಗಿದು ಅವರ ಕೈ ನನ್ನ ಗದ್ದಕ್ಕೆ ಬಂತು. “ಹಗುರ ಬಿಡು ತಮ್ಮಾ” ಅಂದ್ರು. ನಾನು ಅವರ ಕೈ ಹಿಡಿದು “ಬ್ಯಾಡ್ರಿ ಕಾಕಾ” ಅಂದೆ. ಅವರಿಗೆ ಬೇಜಾರಾಯಿತು, ಮುಖದಲ್ಲೇ ಕಾಣ್ತಿತ್ತು. “ಯಾಕ? ನಮ್ಮಪ್ಪನ ಕಾಲದಿಂದ ಮಾಡ್ಕೋತ ಬಂದೀವಿ. ಇಷ್ಟು ವರ್ಷದಾಗ ಯಾರಿಗಿ ಏನಾಗ್ಯದ?”

ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಂದ್ರೆ ಮೊದಲು ಕುತ್ತಿಗೆಯೊಳಗೆ ಹೋಗಿ ನೋಡಬೇಕು.

ಏಳು ಮೂಳೆ, ಒಂದು ಬೀಸುಕಲ್ಲು

ಇಯರ್‌ಫೋನ್ ಹಾಕಿಕೊಂಡಿದ್ದರೆ ಹಾಗೇ ಇರಲಿ. ತಲೆ ಸ್ವಲ್ಪ ಬಗ್ಗಿಸಿ, ಕುತ್ತಿಗೆಯ ಹಿಂದೆ, ಅಂಗಿಯ ಕಾಲರ್ ಇರೋ ಜಾಗದಲ್ಲಿ ಬೆರಳಾಡಿಸಿ. ಒಂದು ಗುಬ್ಬಿ ಸಿಗುತ್ತದೆ. ಸಾಮಾನ್ಯವಾಗಿ ಅದು ಕುತ್ತಿಗೆಯ ಏಳನೇ ಮೂಳೆಯ ಹಿಂತುದಿ. ಅಲ್ಲಿಂದ ತಲೆಬುರುಡೆಯವರೆಗೆ ಒಟ್ಟು 7 ಮೂಳೆ. ಡಾಕ್ಟರುಗಳು ಮೇಲಿನಿಂದ ಸಿ-1, ಸಿ-2 ಅಂತ ಸಿ-7ರವರೆಗೆ ಎಣಿಸುತ್ತಾರೆ. ಅಷ್ಟುದ್ದ ಕತ್ತಿನ ಜಿರಾಫೆಗೂ ಏಳೇ ಮೂಳೆ, ಒಂದೊಂದೂ ಉದ್ದ ಅಷ್ಟೇ.

ಮೇಲಿನ ಎರಡು ಮೂಳೆ ಉಳಿದ ಐದರ ಹಾಗಿಲ್ಲ. ಮೊದಲನೆಯದು ಬಳೆಯ ಹಾಗೆ ಒಂದು ಉಂಗುರ. ಹೆಸರು ‘ಅಟ್ಲಾಸ್’. ನಮ್ಮಲ್ಲಿ ಆದಿಶೇಷ ಭೂಮಿ ಹೊತ್ತ ಹಾಗೆ, ಗ್ರೀಕರ ಕಥೆಯಲ್ಲಿ ಆಕಾಶ ಹೊತ್ತವನ ಹೆಸರು ಅದು. ಇಲ್ಲಿ ಅವನು ಹೊತ್ತಿರೋದು ನಿಮ್ಮ ತಲೆಯನ್ನ. ತಲೆಬುರುಡೆ ಈ ಉಂಗುರದ ಮೇಲೆ ಕೂತು ಹಿಂದೆ ಮುಂದೆ ತೂಗುತ್ತದೆ. ‘ಹೂಂ’ ಅಂತ ತಲೆ ಆಡಿಸೋದು ಮುಖ್ಯವಾಗಿ ಇಲ್ಲಿಂದಲೇ.

ಎರಡನೇ ಮೂಳೆ ‘ಆಕ್ಸಿಸ್’. ಅದರಿಂದ ಒಂದು ಗೂಟ ಮೇಲಕ್ಕೆ ಎದ್ದು ಉಂಗುರದ ಒಳಗೆ ನಿಂತಿರುತ್ತದೆ. ಅಜ್ಜಿಯ ಬೀಸುಕಲ್ಲು ನೋಡಿದ್ದೀರಲ್ಲ? ಕೆಳಗಿನ ಕಲ್ಲಿನ ಗೂಟದ ಸುತ್ತ ಮೇಲಿನ ಕಲ್ಲು ತಿರುಗುತ್ತದೆ. ಇಲ್ಲೂ ಥೇಟ್ ಹಾಗೇ. ‘ಊಹೂಂ’ ಅಂತ ತಲೆ ಅಡ್ಡ ಆಡಿಸೋದು ಇಲ್ಲಿಂದ. ಕುತ್ತಿಗೆ ಎಡಕ್ಕೆ ಬಲಕ್ಕೆ ತಿರುಗೋದರಲ್ಲಿ ಸುಮಾರು ಅರ್ಧ ಭಾಗ ಈ ಒಂದೇ ಕೀಲಿನ ಕೆಲಸ. ಈ ಜಾಗ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀವಿ.

ಇದರ ಕೆಳಗೆ ಎರಡೆರಡು ಮೂಳೆಗಳ ನಡುವೆ ಒಂದೊಂದು ಡಿಸ್ಕ್: ಸುತ್ತ ಗಟ್ಟಿ ನಾರು, ಮಧ್ಯೆ ಮೆತ್ತಗಿನ ತಿರುಳು. ಹಿಂಬದಿಯಲ್ಲಿ ಎರಡೂ ಕಡೆ ಪುಟ್ಟ ಪುಟ್ಟ ಕೀಲುಗಳು. ಇವೆಲ್ಲವನ್ನೂ ಹಿಡಿದಿಡೋಕೆ ಪಟ್ಟಿಗಳ ಹಾಗಿರೋ ಅಸ್ಥಿರಜ್ಜುಗಳು, ಅದರ ಮೇಲೆ ಸ್ನಾಯುಗಳು.

ಆಯಿಯ ಸಿಂಬಿ, ನಮ್ಮ ಮೊಬೈಲು

ದೊಡ್ಡವರ ತಲೆಯ ತೂಕ ಸುಮಾರು 4ರಿಂದ 5 ಕಿಲೋ. ನಮ್ಮ ಆಯಿ ತಲೆ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ತುಂಬಿದ ಕೊಡ ಹೊತ್ತು, ಕೈ ಬಿಟ್ಟು ನಡೀತಿದ್ದಳು. ತಲೆ ನೆಟ್ಟಗಿದ್ದಾಗ ಭಾರ ಮೂಳೆಯಿಂದ ಮೂಳೆಗೆ ನೇರವಾಗಿ ಇಳಿಯುತ್ತದೆ, ಸ್ನಾಯುಗಳಿಗೆ ಕೆಲಸ ಕಡಿಮೆ. ಹಾಗಂತ ವರ್ಷಗಟ್ಟಲೆ ಹೊತ್ತರೆ ಏನೂ ಆಗಲ್ಲ ಅಂತಲ್ಲ. ವಯಸ್ಸಾದ ಮೇಲೆ ಆಯಿಗೂ ಕುತ್ತಿಗೆ ನೋವಿತ್ತು.

ನಾವು ಕೊಡ ಹೊರಲ್ಲ, ತಲೆ ಬಗ್ಗಿಸಿ ಮೊಬೈಲ್ ನೋಡ್ತೀವಿ. ತಲೆ ಮುಂದೆ ಹೋದಾಗ ಅದು ಬೀಳದ ಹಾಗೆ ಹಿಂದಿನ ಸ್ನಾಯುಗಳು ಹಗ್ಗದಂತೆ ಎಳೆದು ಹಿಡಿಯಬೇಕು. 2014ರಲ್ಲಿ ಅಮೆರಿಕದ ಬೆನ್ನುಮೂಳೆ ತಜ್ಞ ಕೆನೆತ್ ಹನ್ಸ್‌ರಾಜ್ ಲೆಕ್ಕ ಹಾಕಿದ ಪ್ರಕಾರ, ತಲೆ 60 ಡಿಗ್ರಿ ಬಗ್ಗಿದಾಗ ಕುತ್ತಿಗೆಯ ಮೇಲೆ ಬೀಳೋ ಹೊರೆ ಸುಮಾರು 27 ಕಿಲೋಗೆ ಸಮ. ಇದು ಕಂಪ್ಯೂಟರ್ ಮಾದರಿಯ ಲೆಕ್ಕ, ಮನುಷ್ಯರ ಕುತ್ತಿಗೆಯೊಳಗೆ ಅಳೆದದ್ದಲ್ಲ. ಆದರೂ ವಿಷಯ ಅರ್ಥವಾಗುತ್ತದೆ: ತಲೆಯ ತೂಕ ಹೆಚ್ಚಾಗಲ್ಲ, ಹಿಡಿಯೋರ ಕೆಲಸ ಹೆಚ್ಚಾಗುತ್ತದೆ. ಸ್ನಾಯು ದಣಿದು ಬಿಗಿಯಾಗುತ್ತದೆ. ಆಗಲೇ ನಮಗೆ ‘ಲಟಕ್’ ನೆನಪಾಗೋದು.

ಆ ಸದ್ದು ಏನದು?

ಮೂಳೆ ಜಾಗಕ್ಕೆ ಕೂತಿತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕೀಲುಗಳ ಒಳಗೆ ಎಣ್ಣೆಯಂಥ ದ್ರವ ಇರುತ್ತದೆ. ಕೀಲನ್ನು ಗಟ್ಟಿಯಾಗಿ ಎಳೆದಾಗ ಒಳಗಿನ ಒತ್ತಡ ಇಳಿದು, ದ್ರವದೊಳಗೆ ಅನಿಲದ ಗುಳ್ಳೆಯಂಥ ಖಾಲಿ ಜಾಗ ತೆರೆದುಕೊಳ್ಳುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ, ಬೆರಳಿನ ನೆಟಿಗೆ ತೆಗೆಯೋದನ್ನ ಎಂಆರ್‌ಐ ಯಂತ್ರದೊಳಗೇ ಚಿತ್ರೀಕರಿಸಿ ಇದನ್ನು ತೋರಿಸಿತು. ಕುತ್ತಿಗೆಯ ಕೀಲುಗಳೂ ಅದೇ ಜಾತಿಯವು. ಎಳೆದಾಗ ಸ್ವಲ್ಪ ಹೊತ್ತು ಹಗುರ ಅನಿಸೋದು ನಿಜ. ಆದರೆ ಯಾವ ಮೂಳೆಯೂ ಜಾಗ ತಪ್ಪಿರಲಿಲ್ಲ, ಯಾವುದೂ ಹೊಸದಾಗಿ ಕೂರಲಿಲ್ಲ.

ಬೆರಳಿನ ನೆಟಿಗೆಗೂ ಕುತ್ತಿಗೆಯ ನೆಟಿಗೆಗೂ ಇರೋ ವ್ಯತ್ಯಾಸ ಇಷ್ಟೇ: ಬೆರಳಿನೊಳಗಿಂದ ಮಿದುಳಿಗೆ ರಕ್ತ ಹೋಗಲ್ಲ.

ಮೂಳೆಯ ತೂತಿನಲ್ಲಿ ಹಾಯುವ ರಕ್ತನಾಳ

ಕುತ್ತಿಗೆಯ ಮೂಳೆಗಳ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಅದರಿಂದ ಕುತ್ತಿಗೆಯಲ್ಲೇ 8 ಜೊತೆ ನರಗಳು ಹೊರಡುತ್ತವೆ. ಕೈ ಎತ್ತೋದು, ಮುಷ್ಟಿ ಕಟ್ಟೋದು ಅವುಗಳಿಂದ. 3, 4, 5ನೇ ನರಗಳಿಂದ ಹುಟ್ಟುವ ಒಂದು ನರ ಎದೆಯ ಕೆಳಗಿನ ವಪೆಗೆ ಹೋಗಿ ನಿಮ್ಮ ಉಸಿರು ನಡೆಸುತ್ತದೆ.

ಇನ್ನು ರಕ್ತ. ಕುತ್ತಿಗೆಯ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ನಾಳ, ಕೆರೊಟಿಡ್. ಗಂಟಲ ಪಕ್ಕ ಬೆರಳಿಟ್ಟರೆ ಬಡಿಯೋದು ಅದೇ. ಹಿಂದೆ ಇನ್ನೆರಡು: ವರ್ಟಿಬ್ರಲ್ ನಾಳಗಳು. ಇವು ಕುತ್ತಿಗೆ ಮೂಳೆಗಳ ಪಕ್ಕದಲ್ಲಿರೋ ತೂತುಗಳ ಒಳಗಿಂದಲೇ, ಸಾಮಾನ್ಯವಾಗಿ ಆರನೇ ಮೂಳೆಯಿಂದ ಮೊದಲನೇ ಮೂಳೆಯವರೆಗೆ, ಮಣಿಯೊಳಗಿನ ದಾರದಂತೆ ಹತ್ತುತ್ತವೆ. ಮೇಲೆ ಅಟ್ಲಾಸ್ ಉಂಗುರವನ್ನು ಬಳಸಿ ತಲೆಬುರುಡೆಯೊಳಗೆ ಹೋಗುತ್ತವೆ. ಮಿದುಳಿನ ಹಿಂಭಾಗಕ್ಕೆ, ಅಂದ್ರೆ ದೃಷ್ಟಿ, ದೇಹದ ಸಮತೋಲನ, ನುಂಗೋದು, ಇವಕ್ಕೆಲ್ಲ ರಕ್ತ ಕೊಡೋದು ಇವೇ.

ಈಗ ಬೀಸುಕಲ್ಲಿಗೆ ವಾಪಸ್ ಬನ್ನಿ. ಕುತ್ತಿಗೆ ಅತಿ ಹೆಚ್ಚು ತಿರುಗೋ ಜಾಗದಲ್ಲೇ ಈ ನಾಳ ಎರಡು ಮೂಳೆಗಳ ತೂತಿನ ನಡುವೆ ಸಿಕ್ಕಿಕೊಂಡಿದೆ. ನಾವೇ ನಿಧಾನವಾಗಿ ತಿರುಗಿದರೆ ಸ್ನಾಯುಗಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸುತ್ತವೆ. ಬೇರೆಯವರು, ನಾವು ಹಗುರ ಬಿಟ್ಟಾಗ, ಒಮ್ಮೆಲೇ ತಿರುವಿದರೆ ಆ ಕಾವಲು ಇರಲ್ಲ. ನಾಳ ಎಳೆದಂತಾಗಿ ಒಳಪದರ ಹರಿಯಬಹುದು. ಹರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ನಮ್ಮ ಕಡೆ ಲಕ್ವಾ ಹೊಡೀತು ಅಂತೀವಲ್ಲ, ಅದೇ.

ಇದು ಪುಸ್ತಕದ ಮಾತಷ್ಟೇ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದ ಬಳ್ಳಾರಿಯ 30 ವರ್ಷದ ಯುವಕನ ಸುದ್ದಿ ಓದಿರಬಹುದು. ಕಟಿಂಗ್ ಅಂಗಡಿಯಲ್ಲಿ ಪುಕ್ಕಟೆ ತಲೆ ಮಸಾಜ್, ಕೊನೆಗೆ ಕುತ್ತಿಗೆ ತಿರುವಿದ್ದು. ಆಗ ನೋವಾಯಿತು, ಆದರೂ ಮನೆಗೆ ಹೋದರು. ಕೆಲವು ತಾಸಿನಲ್ಲೇ ಮಾತು ನಿಂತು, ದೇಹದ ಎಡಭಾಗ ಬಲ ಕಳೆದುಕೊಂಡಿತು. ಕೆರೊಟಿಡ್ ನಾಳ ಹರಿದಿತ್ತು. ಬೆಂಗಳೂರಿನಲ್ಲಿ ಚಿಕಿತ್ಸೆ ಸಿಕ್ಕಿತು, ಚೇತರಿಸಿಕೊಳ್ಳೋಕೆ ಎರಡು ತಿಂಗಳು ಹಿಡಿಯಿತು.

ಕಾಕಾನಿಗೆ ಹೇಳಿದ ಉತ್ತರ

ಅಂಗಡಿಯಲ್ಲಿ ಕೂತು ಕಾಕಾನಿಗೆ ಇಷ್ಟನ್ನೂ ಹೇಳಿದೆ. “ನಿಮ್ಮ ಕೈಯಾಗ ಯಾರಿಗೂ ಏನೂ ಆಗಿಲ್ಲ, ಖರೆ. ಇದು ಅಪರೂಪಕ್ಕ ಆಗೋದು. ಆದ್ರ ಯಾರ ನರ ಹರೀತದ ಅಂತ ಮುಖ ನೋಡಿ ಹೇಳಲಿಕ್ಕ ಬರಲ್ಲರಿ. ಸಿಗೋದು ಹತ್ತು ನಿಮಿಷದ ಹಗುರ, ಹೋಗೋದು ಒಬ್ಬನ ಕೈಕಾಲು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಮತ್ತ ಜನ ಕೇಳ್ತಾರಲ್ಲೋ, ಮಾಡಲಿಲ್ಲಂದ್ರ ಬ್ಯಾರೆ ಅಂಗಡಿಗಿ ಹೋಗ್ತಾರ” ಅಂದ್ರು. ಅದೂ ನಿಜ. ಅದಕ್ಕೇ ಈ ಸಂಚಿಕೆ. ಬೇಡ ಅನ್ನಬೇಕಾದವರು ಅವರಿಗಿಂತ ಮೊದಲು ನಾವು.

ಹಾಗಾದ್ರೆ ಬಿಗಿದ ಕುತ್ತಿಗೆಗೆ ಏನು ಮಾಡೋದು? ಭುಜ, ಕತ್ತಿನ ಹಿಂದೆ ಮೆತ್ತಗೆ ತಿಕ್ಕಿಸಿಕೊಳ್ಳಿ, ತೊಂದರೆಯಿಲ್ಲ. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ. ಅರ್ಧ ತಾಸಿಗೊಮ್ಮೆ ಎದ್ದು, ನೀವೇ ನಿಧಾನವಾಗಿ ಕತ್ತು ಎಡಕ್ಕೆ, ಬಲಕ್ಕೆ ತಿರುಗಿಸಿ. ಹಿಂದೆಂದೂ ಬಾರದಂಥ ನೋವು ಒಂದೇ ಕಡೆ ಕುತ್ತಿಗೆಯಲ್ಲಿ, ತಲೆಯ ಹಿಂದೆ ಬಂದರೆ ಯಾರ ಕೈಗೂ ತಿರುವಲು ಕೊಡಬೇಡಿ. ನಾಳ ಆಗಲೇ ಹರಿದಿದ್ದರೂ ಮೊದಲು ಕಾಣೋದು ಬರೀ ಕುತ್ತಿಗೆ ನೋವೇ. ಡಾಕ್ಟರಿಗೆ ತೋರಿಸಿ. ಕೈಕಾಲು ಜೋಮು ಹಿಡಿದು ಬಲ ಕಡಿಮೆಯಾದರೂ ಹಾಗೇ.

ಕುತ್ತಿಗೆ ತಿರುವಿದ ಮೇಲೆ, ಕೆಲವು ತಾಸೋ ಕೆಲವು ದಿನವೋ ಬಿಟ್ಟು, ಒಮ್ಮೆಲೇ ತಲೆ ತಿರುಗೋದು, ಎರಡೆರಡು ಕಾಣೋದು, ಬಾಯಿ ಸೊಟ್ಟಗಾಗೋದು, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋಲೋದು, ಇವುಗಳಲ್ಲಿ ಯಾವುದೇ ಕಂಡರೂ ಮಲಗಿದರೆ ಸರಿಹೋಗುತ್ತೆ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವಿದೆ. ಐನಾಪುರದಂಥ ಊರಿನಿಂದ ಕಲಬುರಗಿಯ ದೊಡ್ಡಾಸ್ಪತ್ರೆಗೆ ಹೋಗೋ ದಾರಿಯೂ ಆ ಗಡುವಿನೊಳಗೇ ಮುಗಿಯಬೇಕು.

ಅವತ್ತು ಕಾಕಾ ಕತ್ತು ತಿರುವಲಿಲ್ಲ. ಭುಜಕ್ಕೆ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದರು. ಏಳುವಾಗ ನನ್ನ ಹಿಂದೆ ಕಾಯ್ತಿದ್ದ ಹುಡುಗನಿಗೆ ಅವರೇ ಹೇಳಿದರು: “ನಿನಗೂ ಲಟಕ್ ಇಲ್ಲ ನೋಡು. ಕೇಳಬ್ಯಾಡ.”

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೆ ತಲೆ ಎತ್ತಿ ಕೇಳಿ.