ಚಿಗಟ, ಹೇನು: ಕಡಿತ ಚಿಕ್ಕದು, ಕಾಯಿಲೆ ದೊಡ್ಡದು

ಹೇನು, ಚಿಗಟಗಳೆಂದರೆ ಬರೀ ತುರಿಕೆ ಎಂದು ನಾವು ಅಲಕ್ಷ್ಯ ಮಾಡುತ್ತೇವೆ. ಆದರೆ ಇವು ಪ್ರಾಣಕ್ಕೆ ಕುತ್ತು ತರುವ ರೋಗಗಳನ್ನೂ ಹರಡಬಲ್ಲವು.

1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಮೈಸೂರು ಸಂಸ್ಥಾನದಲ್ಲೆಲ್ಲ ಹಬ್ಬಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅವರ ಎಚ್ಚರಿಕೆ ಸರಿಯಾಗಿಯೇ ಇತ್ತು. ಸತ್ತ ಇಲಿಯ ಮೈ ತಣ್ಣಗಾದಂತೆ ಅದರ ಮೇಲಿನ ಚಿಗಟಗಳು ಬೇರೆ ಪ್ರಾಣಿಯನ್ನೋ ಮನುಷ್ಯನನ್ನೋ ಹುಡುಕಿ ಹೊರಡುತ್ತವೆ. ಇದನ್ನು ಅದೇ 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ತೋರಿಸಿಕೊಟ್ಟರು.

ಪ್ಲೇಗಿನ ಆ ದಿನಗಳು ಕಳೆದಿವೆ. ಆದರೆ ಇಲಿ ಚಿಗಟದ ಹಿಕ್ಕೆ ತುರಿಸಿದ ಗಾಯಕ್ಕೆ ಸೇರಿ ಬರುವ ಟೈಫಸ್ ಜ್ವರ ಇಂದಿಗೂ ಇದೆ. ಪೊದೆಗಳಲ್ಲಿರುವ ನುಸಿಯ ಮರಿ ಕಚ್ಚಿದರೆ ಸ್ಕ್ರಬ್ ಟೈಫಸ್ ಬರುತ್ತದೆ. ಕೂರೆಯೂ (ಬಟ್ಟೆಯ ಹೇನು) ಒಂದು ಬಗೆಯ ಟೈಫಸ್ ಹರಡುತ್ತದೆ. ತಲೆಯ ಹೇನು ಸಾಮಾನ್ಯವಾಗಿ ಜ್ವರ ತರುವುದಿಲ್ಲ. ಕೆರೆದ ಗಾಯ ಕೀವಾಗುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ದನ, ಮೇಕೆ, ನಾಯಿ ಮನೆಯವರಂತೆಯೇ ಇರುತ್ತವೆ. ಚಿಗಟ ಹೆಚ್ಚಾದರೆ ಮೇಕೆಮರಿಗಳು ರಕ್ತಹೀನತೆಯಿಂದ ಸೊರಗುತ್ತವೆ. ನಾಯಿಯ ಚಿಗಟ ಮಗುವಿನ ಬಾಯಿಗೆ ಹೋದರೆ ಹೊಟ್ಟೆಯಲ್ಲಿ ಲಾಡಿಹುಳು ಆಗಬಹುದು.

ಮನೆಯಲ್ಲಿ ಹೀಗೆ ಮಾಡಿ:

* ಹಾಸಿಗೆ, ಕಂಬಳಿಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಕೊಟ್ಟಿಗೆಯನ್ನು ದಿನವೂ ಗುಡಿಸಿ.
* ರಾಗಿ, ಭತ್ತವನ್ನು ಇಲಿ ಸೇರದಂತೆ ಮುಚ್ಚಿಡಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹಲವು ಇಲಿಗಳು ಒಟ್ಟಿಗೆ ಸತ್ತರೆ ಆಶಾ ಕಾರ್ಯಕರ್ತೆಗೆ ತಿಳಿಸಿ.
* ಮಕ್ಕಳ ತಲೆಗಾಗಲಿ, ದನಕರುಗಳ ಮೈಗಾಗಲಿ ಬೆಳೆಗೆ ಹೊಡೆಯುವ ಔಷಧಿ ಹಚ್ಚಲೇಬೇಡಿ. ಅದು ವಿಷ. ಸೀಮೆಎಣ್ಣೆಯೂ ಬೇಡ.
* ಹೇನಿಗೆ ವೈದ್ಯರು ಹೇಳಿದ ಔಷಧಿ ಹಚ್ಚಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ. ಸೀರು ಒಡೆದು ಮರಿ ಬರುವುದರಿಂದ 7ರಿಂದ 10 ದಿನಕ್ಕೆ ಇನ್ನೊಮ್ಮೆ ಹಚ್ಚಬೇಕಾಗಬಹುದು. ಮನೆಯಲ್ಲಿ ಹೇನಿರುವವರೆಲ್ಲ ಒಂದೇ ದಿನ ಹಚ್ಚಿಕೊಳ್ಳಿ.
* ರೇಷ್ಮೆಹುಳು ಸಾಕುವ ಮನೆಯಲ್ಲಿ ಕೀಟನಾಶಕ ಸಿಂಪಡಿಸಿದರೆ ಹುಳುಗಳೂ ಸಾಯುತ್ತವೆ. ಮೊದಲು ರೇಷ್ಮೆ ಇಲಾಖೆಯವರನ್ನು ಕೇಳಿ.
* ದನ, ಮೇಕೆ, ನಾಯಿಗಳಿಗೆ ಪಶುವೈದ್ಯರಿಂದಲೇ ಔಷಧಿ ಹಾಕಿಸಿ.

ಜ್ವರ ಬಂದು ಮೂರು ದಿನವಾದರೂ ಇಳಿಯದಿದ್ದರೆ, ಜೊತೆಗೆ ತಲೆನೋವು, ಮೈಮೇಲೆ ಗಂಧೆ, ಕಂಕುಳಲ್ಲಿ ಅಥವಾ ತೊಡೆಸಂದಿನಲ್ಲಿ ಗಡ್ಡೆ, ಇಲ್ಲವೇ ಸುಟ್ಟಂಥ ಕಪ್ಪು ಕಲೆ ಕಂಡರೆ ಅಂಗಡಿ ಮಾತ್ರೆ ನುಂಗಿ ದಿನ ದೂಡಬೇಡಿ. ಬೇಗ ಬಂದರೆ ಡಾಕ್ಸಿಸೈಕ್ಲಿನ್‌ನಂಥ ಕಡಿಮೆ ಬೆಲೆಯ ಮಾತ್ರೆಯಿಂದಲೇ ಟೈಫಸ್ ಗುಣವಾಗುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಅಪಾಯ.

ರೋಗಿಯ ಜೊತೆ ಬಂದವರೇ, ಮನೆಯ ಇಲಿ, ಚಿಗಟ, ದನಕರು, ಹೊಲದ ಕೆಲಸ ಎಲ್ಲವನ್ನೂ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ನಿಮ್ಮ ಆ ಒಂದು ಮಾತು ರೋಗ ಪತ್ತೆಗೆ ದಾರಿಯಾಗುತ್ತದೆ.