ದೈತ್ಯ ಪಾಂಡಾ ಸಂರಕ್ಷಣೆ

ದೈತ್ಯ ಪಾಂಡಾ (ವೈಜ್ಞಾನಿಕ ಹೆಸರು: ಐಲೂರೊಪೋಡ ಮೆಲನೊಲ್ಯೂಕ) ಕರಡಿಯ ಕುಟುಂಬಕ್ಕೆ ಸೇರಿದ ಸಸ್ತನಿ. ವನ್ಯಸ್ಥಿತಿಯಲ್ಲಿ ಇದು ಚೀನಾದ ಸಿಚುವಾನ್, ಶಾಂಕ್ಸಿ ಮತ್ತು ಗಾನ್ಸು ಪ್ರಾಂತಗಳ ಪರ್ವತಾರಣ್ಯಗಳಲ್ಲಿ ಮಾತ್ರ ಕಂಡುಬರುತ್ತದೆ. 1869ರಲ್ಲಿ ಫ್ರೆಂಚ್ ಪಾದ್ರಿ ಆರ್ಮಾಂಡ್ ಡೇವಿಡ್ ಅವರ ಮೂಲಕ ಯುರೋಪಿನ ವಿಜ್ಞಾನಿಗಳಿಗೆ ಇದರ ಪರಿಚಯವಾಯಿತು. 1961ರಲ್ಲಿ ಸ್ಥಾಪನೆಯಾದ ವಿಶ್ವ ವನ್ಯಜೀವಿ ನಿಧಿಯು ಇದನ್ನು ತನ್ನ ಲಾಂಛನವಾಗಿ ಆರಿಸಿಕೊಂಡಿತು. ಅಂದಿನಿಂದ ಪಾಂಡಾ ವನ್ಯಜೀವಿ ಸಂರಕ್ಷಣೆಯ ಸಂಕೇತವೆನಿಸಿದೆ.

ಆಹಾರ ಮತ್ತು ದೇಹರಚನೆ

ಪಾಂಡಾದ ಆಹಾರದಲ್ಲಿ ಶೇ. 99ರಷ್ಟು ಭಾಗ ಬಿದಿರು. ಆದರೆ ಇದರ ಜೀರ್ಣಾಂಗಗಳು ಮಾಂಸಾಹಾರಿ ಪ್ರಾಣಿಗಳದ್ದನ್ನೇ ಹೋಲುವುದರಿಂದ, ತಿಂದ ಬಿದಿರಿನಲ್ಲಿ ಐದನೆಯ ಒಂದು ಭಾಗದಷ್ಟೂ ಜೀರ್ಣವಾಗುವುದಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳಲು ಅದು ದಿನಕ್ಕೆ 12ರಿಂದ 38 ಕಿಲೋಗ್ರಾಂ ಬಿದಿರನ್ನು ತಿನ್ನುತ್ತದೆ. ಹತ್ತು ಗಂಟೆಗೂ ಹೆಚ್ಚು ಕಾಲ ಮೇಯುತ್ತದೆ. ಮಣಿಕಟ್ಟಿನ ಒಂದು ಮೂಳೆ ಹೆಬ್ಬೆರಳಿನಂತೆ ಬೆಳೆದಿದ್ದು, ಬಿದಿರಿನ ಕಾಂಡವನ್ನು ಹಿಡಿಯಲು ನೆರವಾಗುತ್ತದೆ.

ಸಂತಾನೋತ್ಪತ್ತಿ

ಹೆಣ್ಣು ಪಾಂಡಾ ವರ್ಷಕ್ಕೊಮ್ಮೆ, ವಸಂತಕಾಲದಲ್ಲಿ ಬೆದೆಗೆ ಬರುತ್ತದೆ. ಗರ್ಭಧಾರಣೆ ಸಾಧ್ಯವಿರುವುದು ಎರಡು ಮೂರು ದಿನಗಳು ಮಾತ್ರ. ನವಜಾತ ಮರಿಯ ತೂಕ ಸುಮಾರು 100 ಗ್ರಾಂ. ಅವಳಿ ಮರಿಗಳು ಹುಟ್ಟಿದರೂ ಕಾಡಿನಲ್ಲಿ ತಾಯಿ ಸಾಮಾನ್ಯವಾಗಿ ಒಂದನ್ನೇ ಸಾಕುತ್ತದೆ. ಆದ್ದರಿಂದ ಒಮ್ಮೆ ಕುಸಿದ ಸಂಖ್ಯೆ ಮತ್ತೆ ಏರುವುದು ಬಹಳ ನಿಧಾನ.

ಅಪಾಯದ ಕಾರಣಗಳು

ಮರ ಕಡಿತ, ಕೃಷಿ ವಿಸ್ತರಣೆ, ರಸ್ತೆ ನಿರ್ಮಾಣ ಮತ್ತು ಚರ್ಮಕ್ಕಾಗಿ ನಡೆದ ಬೇಟೆ ಪಾಂಡಾಗಳ ಇಳಿಕೆಗೆ ಮುಖ್ಯ ಕಾರಣಗಳು. ಬಿದಿರಿನ ಸ್ವಭಾವವೂ ಇದಕ್ಕೆ ಸೇರಿಕೊಂಡಿದೆ. ಒಂದು ಜಾತಿಯ ಬಿದಿರು ಹಲವು ದಶಕಗಳಿಗೊಮ್ಮೆ ವಿಶಾಲ ಪ್ರದೇಶದಲ್ಲಿ ಒಟ್ಟಿಗೇ ಹೂಬಿಟ್ಟು ಒಣಗುತ್ತದೆ. ಕಾಡು ಅಖಂಡವಾಗಿದ್ದಾಗ ಪಾಂಡಾಗಳು ಬೇರೆ ಜಾತಿಯ ಬಿದಿರಿರುವ ಇಳಿಜಾರುಗಳಿಗೆ ವಲಸೆ ಹೋಗುತ್ತಿದ್ದವು. ನಡುವೆ ಹೊಲ, ಊರು, ರಸ್ತೆಗಳು ಬಂದ ಮೇಲೆ ಆ ದಾರಿಗಳು ಮುಚ್ಚಿದವು. 1970ರ ದಶಕದ ಮಧ್ಯದಲ್ಲಿ ಮಿನ್ ಪರ್ವತಶ್ರೇಣಿಯಲ್ಲಿ ಬಿದಿರು ಹೂಬಿಟ್ಟಾಗ ನೂರಕ್ಕೂ ಹೆಚ್ಚು ಪಾಂಡಾಗಳು ಸತ್ತವು.

ಸಂರಕ್ಷಣಾ ಕ್ರಮಗಳು

ವೊಲಾಂಗ್ ಸೇರಿದಂತೆ ಮೊದಲ ಪಾಂಡಾ ರಕ್ಷಿತಾರಣ್ಯಗಳು 1963ರಲ್ಲಿ ಸ್ಥಾಪನೆಯಾದವು. 1998ರ ಯಾಂಗ್ಟ್ಜಿ ನದಿಯ ಮಹಾಪ್ರವಾಹದ ನಂತರ ಈ ಭಾಗದ ನೈಸರ್ಗಿಕ ಕಾಡುಗಳಲ್ಲಿ ಮರ ಕಡಿಯುವುದನ್ನು ನಿಷೇಧಿಸಲಾಯಿತು. ಮರುವರ್ಷ, ಇಳಿಜಾರಿನ ಹೊಲಗಳನ್ನು ಮತ್ತೆ ಕಾಡಾಗಿಸುವ ರೈತರಿಗೆ ಪರಿಹಾರ ನೀಡುವ ಯೋಜನೆ ಆರಂಭವಾಯಿತು. 2021ರಲ್ಲಿ ದೈತ್ಯ ಪಾಂಡಾ ರಾಷ್ಟ್ರೀಯ ಉದ್ಯಾನವು ಅಧಿಕೃತವಾಗಿ ಸ್ಥಾಪನೆಯಾಯಿತು. ಸಂವರ್ಧನಾ ಕೇಂದ್ರಗಳಲ್ಲಿ ಅವಳಿ ಮರಿಗಳನ್ನು ಸರದಿಯಂತೆ ತಾಯಿಯ ಬಳಿ ಬಿಟ್ಟು ಎರಡನ್ನೂ ಉಳಿಸಿಕೊಳ್ಳುವ ವಿಧಾನ ರೂಢಿಯಲ್ಲಿದೆ.

1980ರ ದಶಕದ ಗಣತಿಯಲ್ಲಿ 1,114 ಎಂದು ಅಂದಾಜಾಗಿದ್ದ ಕಾಡುಪಾಂಡಾಗಳ ಸಂಖ್ಯೆ, 2011ರಿಂದ 2014ರವರೆಗೆ ನಡೆದ ಗಣತಿಯಲ್ಲಿ 1,864ಕ್ಕೆ ಏರಿತು. ನಂತರದ ಗಣತಿಗಳು ಹೆಚ್ಚು ವಿಸ್ತಾರವಾದ ಪ್ರದೇಶದಲ್ಲಿ ನಡೆದಿರುವುದನ್ನೂ ಈ ಹೋಲಿಕೆಯಲ್ಲಿ ಗಮನಿಸಬೇಕಾಗುತ್ತದೆ. 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು (ಐಯುಸಿಎನ್) ಪಾಂಡಾವನ್ನು ‘ಅಳಿವಿನಂಚಿನ’ ವರ್ಗದಿಂದ, ಅದಕ್ಕಿಂತ ಒಂದು ಹಂತ ಕಡಿಮೆ ಅಪಾಯದ ‘ದುರ್ಬಲ’ ವರ್ಗಕ್ಕೆ ಬದಲಾಯಿಸಿತು.

ಉಳಿದಿರುವ ಸವಾಲುಗಳು

ಸಂಖ್ಯೆ ಹೆಚ್ಚಿದರೂ ಈ ಪ್ರಾಣಿಗಳು 33 ಪ್ರತ್ಯೇಕ ಗುಂಪುಗಳಲ್ಲಿ ಹಂಚಿಹೋಗಿವೆ. ಕೆಲವು ಗುಂಪುಗಳಲ್ಲಿ ಹತ್ತಕ್ಕಿಂತ ಕಡಿಮೆ ಪಾಂಡಾಗಳಿದ್ದು, ಒಳಸಂತಾನದ ಅಪಾಯವಿದೆ. ಆದ್ದರಿಂದ ಕಾಡಿನ ತುಣುಕುಗಳನ್ನು ಬೆಸೆಯುವ ವನ್ಯಜೀವಿ ಕಾರಿಡಾರ್‌ಗಳು ಅಗತ್ಯವಾಗಿವೆ.

ಪಾಂಡಾವನ್ನು ಉಳಿಸಿದರೆ ಅದೇ ಕಾಡಿನ ಇತರ ಜೀವಿಗಳೂ ಉಳಿಯುತ್ತವೆ ಎಂಬ ನಂಬಿಕೆ ಬಹುಕಾಲದಿಂದ ಇತ್ತು. ಅನೇಕ ಸಣ್ಣ ಪ್ರಾಣಿಪಕ್ಷಿಗಳ ಮಟ್ಟಿಗೆ ಇದು ನಿಜ. ಆದರೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪಾಂಡಾ ರಕ್ಷಿತಾರಣ್ಯಗಳಲ್ಲಿ ಚಿರತೆ, ಹಿಮಚಿರತೆ, ತೋಳ ಮತ್ತು ಸೀಳುನಾಯಿಗಳ ನೆಲೆ ತೀವ್ರವಾಗಿ ಕುಗ್ಗಿದೆ ಎಂದು ತೋರಿಸಿತು. ಬಂಡೀಪುರ, ನಾಗರಹೊಳೆಗಳಲ್ಲಿ ಇಂದಿಗೂ ಕಾಣಸಿಗುವ ಸೀಳುನಾಯಿ, ಅಲ್ಲಿನ ಬಹುಪಾಲು ಅರಣ್ಯಗಳಿಂದ ಕಣ್ಮರೆಯಾಗಿದೆ. ಪಾಂಡಾಗೆ ಸಾಕಾಗುವಷ್ಟು ಕಾಡು ವಿಶಾಲ ವ್ಯಾಪ್ತಿಯಲ್ಲಿ ಸಂಚರಿಸುವ ಬೇಟೆ ಪ್ರಾಣಿಗಳಿಗೆ ಸಾಲದು. ಹೀಗಾಗಿ ಒಂದು ಪ್ರಾಣಿಯ ಮೇಲಿನ ಜನಪ್ರೀತಿಯನ್ನು ಅದು ಬಾಳುವ ಇಡೀ ಪರಿಸರದ ರಕ್ಷಣೆಯಾಗಿ ವಿಸ್ತರಿಸುವುದು ಪಾಂಡಾ ಸಂರಕ್ಷಣೆಯ ಮುಂದಿನ ಹಂತವೆಂದು ಪರಿಗಣಿಸಲಾಗಿದೆ.